ಮೂಳೆ ಬೆಳೆಯುವವರೆಗೆ ಕಾವಲು ಕಾಯುವ ಪೊರೆ

ಹಲ್ಲು ಕಿತ್ತ ಜಾಗದಲ್ಲಿ ಒಸಡು ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಗಾಯ ಮಾಯ್ದಿದೆ. ಒಳಗೆ ಮಾತ್ರ ದವಡೆಯ ಮೂಳೆ ಕರಗುತ್ತಲೇ ಇರುತ್ತದೆ. ಒಂದು ವರ್ಷದಲ್ಲಿ ಅದರ ಅಗಲ ಸುಮಾರು ಅರ್ಧಕ್ಕೆ ಇಳಿಯಬಹುದು, ಅದರಲ್ಲಿ ಹೆಚ್ಚಿನ ಪಾಲು ಮೊದಲ 3 ತಿಂಗಳಲ್ಲೇ. ಆಮೇಲೆ ಇಂಪ್ಲಾಂಟ್ (ಕೃತಕ ಹಲ್ಲಿನ ಬೇರು) ಕೂರಿಸಲು ಹೋದರೆ ಅದನ್ನು ಹಿಡಿದಿಡುವಷ್ಟು ಮೂಳೆಯೇ ಉಳಿದಿರುವುದಿಲ್ಲ.

ಆ ಮೂಳೆಯನ್ನು ಮತ್ತೆ ಬೆಳೆಸಬಹುದು. ಆದರೆ ಒಸಡಿನ ಕೋಶಗಳು ಬೇಗ ಹಬ್ಬುತ್ತವೆ, ಮೂಳೆ ಕಟ್ಟುವ ಕೋಶಗಳದ್ದು ನಿಧಾನದ ಕೆಲಸ. ಖಾಲಿ ಜಾಗ ಸಿಕ್ಕರೆ ಒಸಡೇ ಮೊದಲು ನುಗ್ಗುತ್ತದೆ. ನಡುವೆ ಒಂದು ತೆಳು ಪೊರೆ ಹಾಸಿ ಅದನ್ನು ತಡೆದರೆ? 1988ರಲ್ಲಿ ಡಾಲಿನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಇಲಿಗಳ ದವಡೆಯ ಎರಡೂ ಬದಿಯಲ್ಲಿ ತೂತು ಕೊರೆದು, ಒಂದು ಬದಿಯದನ್ನು ಟೆಫ್ಲಾನ್ ಪೊರೆಯಿಂದ ಮುಚ್ಚಿದರು. ಆ ಬದಿಯಲ್ಲಿ ಮೂಳೆ ತುಂಬಿಕೊಂಡಿತು.

ಟೆಫ್ಲಾನ್ ಕರಗದು, ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು. ಹಾಗಾಗಿ ತಾನೇ ಕರಗುವ ಕೊಲಾಜೆನ್ ಎಂಬ ಪ್ರೋಟೀನಿನ ಪೊರೆಗಳು ಬಂದವು. ಇವಕ್ಕೂ ಒಂದು ಅಪಾಯವಿದೆ. ಹೊಲಿಗೆ ಬಿಟ್ಟು ಪೊರೆ ಬಾಯಿಗೆ ತೆರೆದುಕೊಂಡರೆ ಬ್ಯಾಕ್ಟೀರಿಯಾಗಳು ಅದರ ಮೇಲೆ ಲೋಳೆಯಂಥ ಪದರ ಕಟ್ಟಿ ನೆಲೆಯೂರುತ್ತವೆ. ಒಳಗಿರುವವಕ್ಕೆ ಆ ಪದರವೇ ಗುರಾಣಿ, ನುಂಗಿದ ಮಾತ್ರೆಯ ಔಷಧಿ ಸುಲಭಕ್ಕೆ ನಾಟುವುದಿಲ್ಲ. ಒಸಡಿನ ರೋಗಕ್ಕೆ ಹೆಸರಾದ ಪೋರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಅಂತೂ ಕೊಲಾಜೆನ್ ಅನ್ನೇ ಕತ್ತರಿಸುವ ಕಿಣ್ವಗಳನ್ನು ಸ್ರವಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಬೇಕಿದ್ದ ಪೊರೆ ಅವಧಿಗೆ ಮೊದಲೇ ಕರಗುತ್ತದೆ.

ಅದಕ್ಕೇ ಪೊರೆಯೊಳಗೇ ಔಷಧಿ ಸೇರಿಸುವ ಯತ್ನ. ನನಗೆ ಇವುಗಳಲ್ಲಿ ಅತ್ಯಂತ ಜಾಣತನದ್ದೆನಿಸುವುದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನ ಬಳಕೆ: ಅದು ಬ್ಯಾಕ್ಟೀರಿಯಾಗಳನ್ನು ತಡೆಯುವುದರ ಜೊತೆಗೆ ಕೊಲಾಜೆನ್ ಒಡೆಯುವ ನಮ್ಮದೇ ದೇಹದ ಕಿಣ್ವಗಳನ್ನೂ ಕಟ್ಟಿಹಾಕುತ್ತದೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್‌ನದು ಬೇರೆ ದಾರಿ. ಅದರ ಧನ ವಿದ್ಯುದಂಶ ಬ್ಯಾಕ್ಟೀರಿಯಾದ ಋಣ ವಿದ್ಯುದಂಶದ ಮೈಗೆ ಅಂಟಿ, ಹೊರಕವಚವನ್ನೇ ಕೆಡಿಸುತ್ತದೆ. ಬೆಳ್ಳಿ, ಸತುವಿನ ನ್ಯಾನೋಕಣಗಳನ್ನೂ ಬೆರೆಸಿ ನೋಡುತ್ತಿದ್ದಾರೆ.

ಬೆಳ್ಳಿಯ ವಿಷಯದಲ್ಲೇ ನಿಜವಾದ ಕಷ್ಟ ಎದುರಾಗುವುದು. ಪ್ರಮಾಣ ಕಡಿಮೆಯಾದರೆ ಬ್ಯಾಕ್ಟೀರಿಯಾ ಉಳಿಯುತ್ತದೆ, ಹೆಚ್ಚಾದರೆ ಮೂಳೆ ಕಟ್ಟಬೇಕಾದ ಕೋಶಗಳೂ ಸಾಯುತ್ತವೆ. ಔಷಧಿಯೆಲ್ಲ ಮೊದಲೆರಡು ದಿನದಲ್ಲೇ ಸೋರಿಹೋದರೆ ಮೂರನೇ ವಾರ ಹೊಲಿಗೆ ಬಿಟ್ಟಾಗ ಏನೂ ಉಳಿದಿರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಒಂದೋ ಎರಡೋ ಜಾತಿಯ ಬ್ಯಾಕ್ಟೀರಿಯಾ ಇದ್ದರೆ ಬಾಯಲ್ಲಿ ನೂರಾರು ಜಾತಿಗಳಿವೆ, ಎಂಜಲಿದೆ, ಅಗಿತದ ಒತ್ತಡವಿದೆ. ಆದ್ದರಿಂದ ಹೊಸ ಪೊರೆಯೊಂದರ ಸುದ್ದಿ ಬಂದಾಗಲೆಲ್ಲ, ಎಷ್ಟು ಬ್ಯಾಕ್ಟೀರಿಯಾ ಸತ್ತವು ಎಂಬ ಅಂಕಿಯ ಪಕ್ಕದಲ್ಲೇ ಮೂಳೆ ಕೋಶಗಳೆಷ್ಟು ಬದುಕಿದವು ಎಂಬ ಅಂಕಿಯನ್ನೂ ನಾನು ಹುಡುಕುತ್ತೇನೆ.