ಹುಲ್ಲಿನ ತೆನೆಯನ್ನೇ ನಂಬಿದ ಚೂಪುತಲೆಯ ತಿಗಣೆ

ಯುರೋಪಿನ ಬಿಸಿಲು ಬೀಳುವ ಒಣ ಹುಲ್ಲುಗಾವಲುಗಳಲ್ಲಿ ಬೇಸಿಗೆಯ ಹೊತ್ತಿಗೆ ತೆನೆಗಳ ಮೇಲೆ ಬಲೆ ಬೀಸಿದರೆ ಸಿಗುವ ಕೀಟಗಳಲ್ಲಿ ಏಲಿಯಾ ಅಕ್ಯುಮಿನೇಟಾ ಎಂಬ ಗುರಾಣಿ ತಿಗಣೆಯೂ (ಗುರಾಣಿಯಂಥ ಬೆನ್ನಿನ, ಗಿಡದ ರಸ ಹೀರುವ ಕೀಟ) ಒಂದು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ವರ್ಣಿಸಿದ ಈ ಪ್ರಭೇದದ ಉದ್ದ ಒಂದು ಸೆಂಟಿಮೀಟರ್ ಮೀರುವುದಿಲ್ಲ. ಒಣಹುಲ್ಲಿನ ಬಣ್ಣದ ಮೈ, ಮುಂದಕ್ಕೆ ಚೂಪಾಗಿ ಬಾಗಿದ ತಲೆ, ತಲೆಯಿಂದ ಬೆನ್ನಿನ ಗುರಾಣಿಯವರೆಗೂ ಹರಿಯುವ ಕಂದು ಪಟ್ಟೆಗಳು, ಇವೆಲ್ಲ ಸೇರಿ ತೆನೆಗೆ ಒತ್ತಿಕೊಂಡು ಕುಳಿತ ಕೀಟವನ್ನು ಕಾಳುಗಳ ನಡುವೆ ಮರೆಮಾಡುತ್ತವೆ. ಇದರ ಹತ್ತಿರದ ಸಂಬಂಧಿಗಳೂ ಹೆಚ್ಚುಕಡಿಮೆ ಹೀಗೆಯೇ ಕಾಣುವುದರಿಂದ, ಗುರುತು ಹಿಡಿಯಬೇಕಾದವರು ಭೂತಗನ್ನಡಿಯಡಿ ಕಾಲುಗಳನ್ನು ನೋಡಬೇಕು: ನಡುವಿನ ಮತ್ತು ಹಿಂದಿನ ಕಾಲುಗಳ ತೊಡೆಯ ಮೇಲೆ ಎರಡೆರಡು ಕಪ್ಪು ಚುಕ್ಕೆಗಳಿದ್ದರೆ ಅದು ಅಕ್ಯುಮಿನೇಟಾ.

ಈ ತಿಗಣೆಯ ಬದುಕೆಲ್ಲ ಹುಲ್ಲಿನ ಕಾಳಿನ ಸುತ್ತಲೇ ನಡೆಯುತ್ತದೆ. ಎಲೆ, ಕಾಂಡಗಳ ರಸವನ್ನೂ ಅದು ಹೀರುತ್ತದೆಯಾದರೂ ಅದಕ್ಕೆ ಬೇಕಾದದ್ದು ಹಾಲು ತುಂಬುತ್ತಿರುವ ಎಳೆಯ ಕಾಳು. ವಿಶ್ರಾಂತಿಯಲ್ಲಿ ಎದೆಯಡಿ ಮಡಚಿಕೊಂಡಿರುವ ಕೊಕ್ಕನ್ನು ಕೆಳಗಿಳಿಸಿ, ಅದರೊಳಗಿನ ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಹೊಟ್ಟಿನ ಮೂಲಕ ಕಾಳಿಗೆ ಚುಚ್ಚಿ ಮೊದಲು ಜೊಲ್ಲನ್ನು ಸುರಿಸುತ್ತದೆ. ಅದರಲ್ಲಿರುವ ಕಿಣ್ವಗಳು ಪಿಷ್ಟ ಮತ್ತು ಪ್ರೋಟೀನುಗಳನ್ನು ಕರಗಿಸಿದ ಮೇಲೆ ಆ ದ್ರವವನ್ನು ಹೀರಿಕೊಳ್ಳುತ್ತದೆ. ಅಂದರೆ ಜೀರ್ಣಕ್ರಿಯೆಯ ಒಂದು ಭಾಗ ಕೀಟದ ಹೊಟ್ಟೆಯೊಳಗಲ್ಲ, ಕಾಳಿನೊಳಗೇ ಮುಗಿದಿರುತ್ತದೆ.

ಗೋಧಿಗೆ ಏಲಿಯಾ ಕುಲದ ತಿಗಣೆಗಳು ಏಕೆ ಕಂಟಕವಾಗುತ್ತವೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಚುಚ್ಚಿಸಿಕೊಂಡ ಕಾಳಿನ ಮೇಲೆ ಬಿಳಿಚಿಕೊಂಡ ಒಂದು ಮಚ್ಚೆ, ಹಲವು ವೇಳೆ ಅದರ ನಡುವೆ ಕಪ್ಪು ಚುಕ್ಕೆ ಉಳಿಯುತ್ತದೆ. ಹೊರಗಿನ ಗುರುತು ಇಷ್ಟೇ. ಆದರೆ ಜೊಲ್ಲಿನ ಕಿಣ್ವಗಳು ಒಣಗಿದ ಕಾಳಿನಲ್ಲಿ ಹಾಗೆಯೇ ಉಳಿದಿದ್ದು, ಹಿಟ್ಟಿಗೆ ನೀರು ಬಿದ್ದೊಡನೆ ಮತ್ತೆ ಕೆಲಸಕ್ಕೆ ತೊಡಗಿ, ಕಣಕಕ್ಕೆ ಬಿಗಿ ಕೊಡುವ ಪ್ರೋಟೀನಾದ ಗ್ಲುಟನ್ ಅನ್ನು ಕತ್ತರಿಸುತ್ತವೆ. ಕಣಕ ಬಿಗಿ ಕಳೆದುಕೊಂಡು ಅಂಟಂಟಾಗುತ್ತದೆ, ಬ್ರೆಡ್ ಉಬ್ಬುವುದಿಲ್ಲ. ನೂರಕ್ಕೆ ಐದರಷ್ಟು ಕಾಳುಗಳು ಹೀಗೆ ಕೆಟ್ಟರೂ ಇಡೀ ಹಿಟ್ಟು ಬೇಕರಿಗೆ ಒದಗದೆ ಹೋಗಬಹುದು. ಹಾಗೆಂದು ಪ್ರಭೇದ ಯಾವುದೆಂದು ನೋಡದೆ ಈ ಕುಲದ ಎಲ್ಲ ತಿಗಣೆಗಳನ್ನೂ ಪೀಡೆಯೆಂದು ಕರೆಯುವುದು ತಪ್ಪು. ಟರ್ಕಿಯ ಅನಟೋಲಿಯಾ ಪ್ರಸ್ಥಭೂಮಿಯ ಗೋಧಿ ಬೆಳೆಗಾರರನ್ನು ಕಾಡಿರುವುದು ಇದರ ಸಂಬಂಧಿ ಏಲಿಯಾ ರೋಸ್ಟ್ರೇಟಾ. ಇಂಗ್ಲೆಂಡಿನಲ್ಲಿ ಅಕ್ಯುಮಿನೇಟಾ ಸಾಮಾನ್ಯವಾಗಿ ಕಾಡುಹುಲ್ಲುಗಳ ಮೇಲೆಯೇ ಬದುಕುವ ಕೀಟ.

ಚಳಿಗಾಲವನ್ನು ಪ್ರೌಢ ಕೀಟಗಳು ಹುಲ್ಲಿನ ಬುಡಗಳಲ್ಲಿ, ತರಗೆಲೆಗಳ ಕೆಳಗೆ ಸುಪ್ತಾವಸ್ಥೆಯಲ್ಲಿ ಕಳೆಯುತ್ತವೆ. ವಸಂತದಲ್ಲಿ ಹೊರಬಂದು ಕೂಡಿ, ಹುಲ್ಲಿನ ಮೇಲೆ ಎರಡು ಸಾಲುಗಳಲ್ಲಿ ಸುಮಾರು ಒಂದು ಡಜನ್ ಮೊಟ್ಟೆಗಳನ್ನು ಒತ್ತೊತ್ತಾಗಿ ಅಂಟಿಸುತ್ತವೆ. ಮರಿಗಳು ಐದು ಬಾರಿ ಪೊರೆ ಕಳಚಿ ಪ್ರೌಢವಾಗುತ್ತವೆ. ಉತ್ತರದ ದೇಶಗಳಲ್ಲಿ ವರ್ಷಕ್ಕೆ ಒಂದೇ ಪೀಳಿಗೆ. ಹೊಸ ಪ್ರೌಢಗಳು ಕಾಣುವುದು ಆಗಸ್ಟ್ ಸುಮಾರಿಗೆ. ಮರಿಗಳ ಬೆಳವಣಿಗೆ ಕಾಳು ಬಲಿಯುವ ಗತಿಗೆ ಕಟ್ಟುಬಿದ್ದಿರುವ ಈ ಹೊಂದಾಣಿಕೆ ನನ್ನ ಮಟ್ಟಿಗೆ ಈ ಕೀಟದ ಬದುಕಿನ ಅತ್ಯಂತ ಕುತೂಹಲದ ಸಂಗತಿ.

ಶತ್ರುಗಳೂ ಕಡಿಮೆಯಿಲ್ಲ. ಟ್ರಿಸ್ಸೋಲ್ಕಸ್ ಕುಲದ ಅತಿಸಣ್ಣ ಕಣಜಗಳು ತಿಗಣೆಯ ಮೊಟ್ಟೆಯೊಳಗೇ ತಮ್ಮ ಮೊಟ್ಟೆಯಿಡುತ್ತವೆ. ಅಂಥ ಮೊಟ್ಟೆಯಿಂದ ಹೊರಬರುವುದು ತಿಗಣೆಮರಿಯಲ್ಲ, ಕಣಜ. ಟ್ಯಾಕಿನಿಡ್ ನೊಣಗಳ ಮರಿಗಳು ಪ್ರೌಢ ತಿಗಣೆಯ ದೇಹದೊಳಗೆ ಬೆಳೆಯುತ್ತವೆ. ಕೆಣಕಿದಾಗ ತಿಗಣೆ ಬಿಡುವ ಕಟುವಾಸನೆಯ ದ್ರವ ಇವನ್ನೆಲ್ಲ ತಡೆಯಲಾರದು.

ಹುಲ್ಲುಗಾವಲು ನೋಡಿಕೊಳ್ಳುವವರು ಕೇಳಿದಾಗ ನಾನು ಹೇಳುವುದಿಷ್ಟೆ: ಜೂನ್, ಜುಲೈನಲ್ಲಿ ಇಡೀ ಜಾಗವನ್ನು ಒಮ್ಮೆಗೇ ಕೊಯ್ದರೆ ರೆಕ್ಕೆ ಬಲಿಯದ ಮರಿಗಳಿಗೆ ತೆನೆಯೂ ಇಲ್ಲ, ಹಾರಿ ಬೇರೆಡೆಗೆ ಹೋಗುವ ದಾರಿಯೂ ಇಲ್ಲ. ಆದ್ದರಿಂದ ಒಂದು ಭಾಗವನ್ನಾದರೂ ಬೇಸಿಗೆ ಮುಗಿಯುವವರೆಗೆ ಕೊಯ್ಯದೆ ಬಿಟ್ಟು, ಅಲ್ಲಿನ ಹುಲ್ಲಿನ ಬುಡಗಳನ್ನು ಚಳಿಗಾಲದಲ್ಲೂ ಕೆದಕದೆ ಉಳಿಸಬೇಕು.