ಫೋಟೋದಲ್ಲಿ ಕಾಣೆಯೇ ಕಾಣೆ

ಸುವರ್ಣಾ ನದಿ ಕಡಲು ಸೇರುವ ಕೋಡಿ ಬೆಂಗ್ರೆಯಲ್ಲಿ ಒಮ್ಮೆ ನನ್ನ ಗಾಳಕ್ಕೆ ಒಂದಡಿ ಉದ್ದದ ಕಾಣೆ ಮೀನು ಬಿತ್ತು. ನಡು ಮಧ್ಯಾಹ್ನದ ಬಿಸಿಲು. ಮರಳಿನ ಮೇಲೆ ಮಲಗಿಸಿ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದೆ. ಮನೆಗೆ ಬಂದು ಭಾವನಿಗೆ ತೋರಿಸಿದರೆ, "ಇದೆಂತ ಮಾರಾಯ, ಮೀನೆಲ್ಲಿದೆ?" ಅಂದರು. ಒಂದು ಕಡೆ ಮೂತಿ, ಇನ್ನೊಂದು ಕಡೆ ಬಾಲ, ನಡುವೆ ಬರೀ ಬಿಳಿ ಪಟ್ಟಿ. ಕಾಣೆ ಹೋಗಿ ನಿಜಕ್ಕೂ ಕಾಣೆಯಾಗಿತ್ತು!

ತಪ್ಪು ಮೊಬೈಲಿನದಲ್ಲ. ನಾನು ತೆಗೆದದ್ದು ಒಂದು ಕನ್ನಡಿಯ ಫೋಟೋ.

ಮೀನಿನ ಬೆಳ್ಳಿ ಹೊಳಪು ಬಣ್ಣದಿಂದ ಬಂದದ್ದಲ್ಲ. ಅದರ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳ್ಳಗಿನ ಹರಳುಗಳು ನೀರುದೋಸೆ ಪೇರಿಸಿಟ್ಟ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನಮ್ಮ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್ ಇದೇ. ಪ್ರತಿ ಪದರದಿಂದಲೂ ಬೆಳಕು ಸ್ವಲ್ಪ ಸ್ವಲ್ಪ ವಾಪಸ್ ಬಂದು, ಒಟ್ಟು ಸೇರಿ ಕನ್ನಡಿಯಾಗುತ್ತದೆ. ಬಂಗುಡೆ, ಬೂತಾಯಿಗಳಿಗೆ ಇದು ಅಡಗುವ ಉಪಾಯ. ಕಡಲೊಳಗೆ ಸುತ್ತಲೂ ಬೆಳಕು ಹೆಚ್ಚುಕಡಿಮೆ ಒಂದೇ ಥರ. ನೆಟ್ಟಗೆ ನಿಂತ ಕನ್ನಡಿಯಲ್ಲಿ ಕಾಣುವುದೂ ಬರೀ ನೀರೇ. ಹಿಂಬಾಲಿಸಿದ ದೊಡ್ಡ ಮೀನಿಗೆ ಅಲ್ಲೇನೂ ಇಲ್ಲವೆನಿಸುತ್ತದೆ.

ಅದೇ ಮೀನನ್ನು ಮರಳ ಮೇಲೆ ಅಡ್ಡ ಮಲಗಿಸಿದರೆ? ಕನ್ನಡಿ ನೇರ ಆಕಾಶ ನೋಡುತ್ತದೆ. ನೆತ್ತಿಯ ಮೇಲಿನ ಸೂರ್ಯ ಮೊಬೈಲಿನ ಕಣ್ಣಿಗೇ ಹೊಡೆಯುತ್ತಾನೆ. ಫ್ಲ್ಯಾಶ್ ಹಾಕಿದರಂತೂ ಇನ್ನೂ ಕಷ್ಟ.

ಹಾಗಾಗಿ ಈಗ ನಾನು ತೆಂಗಿನ ಮರದ ನೆರಳಿಗೆ ಹೋಗುತ್ತೇನೆ. ಮೊಬೈಲ್ ಇಡುವ ಜಾಗದಲ್ಲಿ ಮೊದಲು ನನ್ನ ತಲೆ ಇಟ್ಟು, ಮೀನನ್ನು ಚೂರು ಚೂರೇ ವಾಲಿಸುತ್ತೇನೆ. ಒಂದು ಹಂತದಲ್ಲಿ ಬಿಳಿ ಮಚ್ಚೆ ಮೈಮೇಲಿಂದ ಜಾರಿ ಹೋಗುತ್ತದೆ. ಹುರುಪೆಗಳ ಸಾಲು, ಬೆನ್ನಿನ ಕಂದು, ಹೊಟ್ಟೆಯ ಬೆಳ್ಳಿ, ಎಲ್ಲ ಎದ್ದು ಬರುತ್ತವೆ.

ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನು ಲೆನ್ಸಿನ ಮುಂದೆ ಹಿಡಿದು ನಿಧಾನ ತಿರುಗಿಸಿ. ಮೀನನ್ನು ಓರೆಯಾಗಿ ನೋಡುತ್ತಿದ್ದರೆ ಒದ್ದೆ ಮೈಯ ಮೇಲ್ಪದರದ ಝಗಝಗ ಇಳಿಯುತ್ತದೆ. ಬೆಳ್ಳಿ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಯುರೋಪಿನ ಬೂತಾಯಿ ಮತ್ತು ಹೆರಿಂಗ್ ಮೀನುಗಳ ಚರ್ಮದಲ್ಲಿ ಎರಡು ಬಗೆಯ ಗ್ವಾನಿನ್ ಹರಳುಗಳು ಬೆರೆತಿರುವುದರಿಂದ, ಅಲ್ಲಿಂದ ಪ್ರತಿಫಲಿಸಿದ ಬೆಳಕು ಧ್ರುವೀಕರಣವಾಗುವುದಿಲ್ಲ (ಅಂದರೆ ಅದರ ಅಲೆಗಳು ಒಂದೇ ದಿಕ್ಕಿಗೆ ಕಂಪಿಸುವುದಿಲ್ಲ; ಈ ಗ್ಲಾಸ್ ಚೆನ್ನಾಗಿ ತಡೆಯುವುದು ಹಾಗೆ ಕಂಪಿಸುವ ಬೆಳಕನ್ನು) ಎಂದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದರು.

ಇನ್ನು, ಕೈ ಚಾಚಿ ಮೀನನ್ನು ಮುಂದೆ ಹಿಡಿಯುವ ಆ ಹಳೇ ಚಾಲಾಕಿ. ಮುಖದಿಂದ ಮೊಬೈಲ್ ನಾಲ್ಕಡಿ ದೂರ, ಮೀನಿನಿಂದ ಎರಡೇ ಅಡಿ ಅಂದರೆ, ಮುಖಕ್ಕೆ ಹೋಲಿಸಿದರೆ ಮೀನು ಎರಡರಷ್ಟು ದೊಡ್ಡದು. ಆದರೆ ಹಿಡಿದ ಹೆಬ್ಬೆರಳೂ ನೇಂದ್ರ ಬಾಳೆಹಣ್ಣಿನಷ್ಟು ಕಾಣುತ್ತದೆ. ನೋಡಿದವರು ನಗುತ್ತಾರೆ, ಅಲ್ವಾ?

ಮತ್ತೆ ನೀರಿಗೆ ಬಿಡುವ ಮೀನಾದರೆ ಇಷ್ಟೆಲ್ಲ ಸರ್ಕಸ್ ಬೇಡ. ಗಾಳಿಯಲ್ಲಿ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿ, ಅದಕ್ಕೆ ಉಸಿರು ಕಟ್ಟುತ್ತದೆ. ಕೈ ಒದ್ದೆ ಮಾಡಿಕೊಂಡು ಎತ್ತಿ, ಒಂದು ಕ್ಲಿಕ್, ಬಿಟ್ಟುಬಿಡಿ.

ಸಾರಿಗೆ ಹೋಗುವ ಮೀನಿಗೂ ಗಡುವಿದೆ. ಲೋಳೆ ಒಣಗಿದರೆ ಹೊಳಪು ಮಂಕು. ಒಂದು ಬೊಗಸೆ ನೀರು ಚೆಲ್ಲಿದರೆ ಹೊಳಪೇನೋ ವಾಪಸ್ ಬರುತ್ತದೆ, ಆದರೆ ಮಬ್ಬಾದ ಕಣ್ಣು ತಿಳಿಯಾಗುವುದಿಲ್ಲ. ನಾನು ಆವತ್ತು ಹಟ ಬಿಡದೆ ಅದೇ ಕಾಣೆಯನ್ನು ಅಡುಗೆಮನೆಯಲ್ಲಿ ತೊಳೆದು ಮತ್ತೊಮ್ಮೆ ಫೋಟೋ ತೆಗೆದಿದ್ದೆ. ಮೀನಿನ ಉದ್ದಕ್ಕೂ ಟ್ಯೂಬ್‌ಲೈಟ್ ಮಲಗಿತ್ತು.