ಶೈಲಾಕನ ಸಾಲಪತ್ರದಲ್ಲಿ ಬಡ್ಡಿಯೇ ಇಲ್ಲ

ಶೈಲಾಕ್ ಎಂದರೆ ಬಡ್ಡಿಗಾಗಿ ರಕ್ತ ಹೀರುವವನು ಎಂಬ ಹೆಸರು ಊರಿಗೆಲ್ಲ ಗೊತ್ತು. ಆದರೆ ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ತೆರೆದು ನೋಡಿ, ಈ ಯೆಹೂದಿ ಲೇವಾದೇವಿಗಾರನ ಕುಖ್ಯಾತ ಸಾಲಪತ್ರದಲ್ಲಿ ಬಡ್ಡಿಯೇ ಇಲ್ಲ. ಮೂರು ಸಾವಿರ ಡಕೆಟ್ ಚಿನ್ನದ ನಾಣ್ಯ, ಮೂರು ತಿಂಗಳ ವಾಯಿದೆ. ಬಿಡಿಗಾಸು ಬಡ್ಡಿಯೂ ಬೇಡ ಎನ್ನುತ್ತಾನೆ ಶೈಲಾಕ್. ವಾಯಿದೆ ತಪ್ಪಿದರೆ ಒಂದು ಪೌಂಡ್ ಮಾಂಸ, ಅಷ್ಟೇ. ಅದಕ್ಕೂ ಮುಂಚೆ ಹಳೆಯ ಬಾಕಿ ಒಪ್ಪಿಸುತ್ತಾನೆ: ನಾಯಿ ಎಂದೆ, ನನ್ನ ನಿಲುವಂಗಿಯ ಮೇಲೆ ಉಗುಳಿದೆ, ಈಗ ಹಣ ಕೇಳುತ್ತೀಯ. ಸಾಲ ಕೇಳಲು ಬಂದ ವ್ಯಾಪಾರಿ ಆಂಟೋನಿಯೋಗೆ ನಾಚಿಕೆಯಿಲ್ಲ. ಮತ್ತೆಯೂ ಉಗುಳಿಯೇನು, ಕೊಡುವುದಾದರೆ ಶತ್ರುವಿಗೆಂದೇ ಕೊಡು ಎನ್ನುತ್ತಾನೆ.

ಈ ಮಾತಿನ ಬೇರು ಬೈಬಲ್ಲಿನಲ್ಲಿದೆ. ಧರ್ಮೋಪದೇಶಕಾಂಡದ 23ನೇ ಅಧ್ಯಾಯದ ಪ್ರಕಾರ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬಾರದು, ಅನ್ಯನಿಂದ ತೆಗೆದುಕೊಳ್ಳಬಹುದು. ಚರ್ಚು ಬಡ್ಡಿಯನ್ನು ಪಾಪವೆಂದಿತು. 1179ರ ಮೂರನೆಯ ಲ್ಯಾಟರನ್ ಧರ್ಮಸಭೆ ಕುಖ್ಯಾತ ಬಡ್ಡಿಕೋರರಿಗೆ ಕ್ರೈಸ್ತ ಶವಸಂಸ್ಕಾರವನ್ನೂ ನಿರಾಕರಿಸಿತು. ಹಾಗೆಂದು ರಾಜನ ಯುದ್ಧ, ಬಡವನ ಹೊಟ್ಟೆ ಸುಮ್ಮನಿರುತ್ತವೆಯೇ? ಸಾಲ ಬೇಕೇ ಬೇಕು. ಯೆಹೂದಿಗಳಿಗೆ ಬಹಳ ಕಡೆ ಜಮೀನು ಹೊಂದುವಂತಿರಲಿಲ್ಲ, ಕಸುಬುದಾರರ ಸಂಘಗಳು ಒಳಗೆ ಬಿಡುತ್ತಿರಲಿಲ್ಲ. ಅವರನ್ನು ಲೇವಾದೇವಿಗೆ ನೂಕಿದವರೇ ಆಮೇಲೆ ಲೇವಾದೇವಿಯವರೆಂದು ಹೀಗಳೆದರು.

ವೆನಿಸ್ ಇದನ್ನು ಕರಾರು ಬರೆದೇ ನಡೆಸಿತು. 1516ರಲ್ಲಿ ಯೆಹೂದಿಗಳನ್ನು ಘೆಟ್ಟೋ ಎಂಬ ಒಂದು ಕೇರಿಗೆ ಸೇರಿಸಿ, ರಾತ್ರಿ ಅದರ ಬಾಗಿಲಿಗೆ ಬೀಗ ಹಾಕಿಸಿತು. ಕಾವಲುಗಾರರ ಸಂಬಳವೂ ಒಳಗಿದ್ದವರದೇ ತಲೆಗೆ. ಹಗಲು ಹೊರಬಂದರೆ ಗುರುತಿನ ಬಣ್ಣದ ಟೋಪಿ. ಬಡವರಿಗೆ ಒತ್ತೆ ಸಾಲ ಕೊಡುವುದು ಯೆಹೂದಿಗಳು ಊರಲ್ಲಿ ಉಳಿಯಲು ಇದ್ದ ಷರತ್ತುಗಳಲ್ಲೊಂದು. ನಾಟಕದಲ್ಲಿ ಘೆಟ್ಟೋ ಎಂಬ ಪದ ಒಮ್ಮೆಯೂ ಬರುವುದಿಲ್ಲ.

ಇಂಗ್ಲೆಂಡಿನ ಕಥೆ ಇನ್ನೂ ವಿಚಿತ್ರ. ಒಂದನೆಯ ಎಡ್ವರ್ಡ್ 1290ರಲ್ಲೇ ಯೆಹೂದಿಗಳನ್ನು ದೇಶದಿಂದ ಅಟ್ಟಿದ್ದ. ಬಹಿರಂಗವಾಗಿ ನೆಲೆಸಲು ಮತ್ತೆ ಅವಕಾಶವಾದದ್ದು 1656ರ ಹೊತ್ತಿಗೆ. ನಾಟಕ ಹುಟ್ಟಿದ್ದು 1596–97ರ ಸುಮಾರಿಗೆ. ಅಂದರೆ ನೋಡಲು ನೆರೆದವರಲ್ಲಿ ಹೆಚ್ಚಿನವರು ಯೆಹೂದಿಯ ಮುಖವನ್ನೇ ಕಂಡವರಲ್ಲ. ಅವರಿಗೆ ಗೊತ್ತಿದ್ದದ್ದು ರೊಡೆರಿಗೋ ಲೋಪೆಸ್: ಯೆಹೂದಿ ಮೂಲದ ರಾಜವೈದ್ಯ, ರಾಣಿಗೆ ವಿಷವಿಕ್ಕಲು ಸಂಚು ಮಾಡಿದನೆಂದು 1594ರಲ್ಲಿ ಗಲ್ಲಿಗೇರಿದವನು.

ಹಾಗಾದರೆ ಲಂಡನ್ನಿನಲ್ಲಿ ಬಡ್ಡಿಗೆ ಕೊಡುತ್ತಿದ್ದವರು ಯಾರು? ಕ್ರೈಸ್ತರೇ. 1571ರ ಕಾನೂನು ಶೇಕಡಾ 10ರವರೆಗಿನ ಬಡ್ಡಿಯನ್ನು ಹೆಚ್ಚುಕಡಿಮೆ ಕಂಡೂ ಕಾಣದಂತೆ ಬಿಟ್ಟಿತು. ಅದಕ್ಕೆ ಒಂದು ವರ್ಷ ಮುಂಚೆ, 80 ಮತ್ತು 100 ಪೌಂಡ್‌ಗಳ ಎರಡು ಸಾಲ ಕೊಟ್ಟು ತಲಾ 20 ಪೌಂಡ್ ಬಡ್ಡಿ ಹಾಕಿದ ಆರೋಪ ಸ್ಟ್ರಾಟ್‌ಫರ್ಡ್‌ನ ಕೈಗವಸು ವ್ಯಾಪಾರಿಯೊಬ್ಬನ ಮೇಲೆ ಬಂತು. ಅವನ ಹೆಸರು ಜಾನ್ ಶೇಕ್ಸ್‌ಪಿಯರ್, ನಾಟಕಕಾರನ ಅಪ್ಪ. ಮನೆಯಲ್ಲೇ ಇದ್ದ ವ್ಯವಹಾರವನ್ನು ಮಗ ಸಮುದ್ರದಾಚೆಯ ಅನ್ಯನ ತಲೆಗೆ ಕಟ್ಟಿದ ಎಂದು ನನಗೆ ಅನ್ನಿಸುವುದು ಇದರಿಂದಲೇ.

1814ರಲ್ಲಿ ನಟ ಎಡ್ಮಂಡ್ ಕೀನ್ ಶೈಲಾಕನನ್ನು ಕೋಡಂಗಿಯಲ್ಲದ, ನೊಂದ ಮನುಷ್ಯನನ್ನಾಗಿ ಆಡಿ ತೋರಿಸಿದ. 1943ರಲ್ಲಿ ನಾಜಿಗಳ ವಿಯೆನ್ನಾ ಅದೇ ಪಾತ್ರವನ್ನು ದ್ವೇಷಕ್ಕೆ ದುಡಿಸಿಕೊಂಡಿತು. ಎರಡಕ್ಕೂ ನಾಟಕದಲ್ಲೇ ಜಾಗವಿದೆ.

ಆಂಟೋನಿಯೋ ವಾಯಿದೆ ತಪ್ಪಿದ ಮೇಲಿನ ನ್ಯಾಯಾಲಯದ ದೃಶ್ಯವನ್ನೇ ನೋಡಿ. ವಕೀಲನ ವೇಷದಲ್ಲಿ ಬಂದ, ಆಂಟೋನಿಯೋನ ಗೆಳೆಯನ ಹೆಂಡತಿ ಪೋರ್ಷಿಯಾ ಕರುಣೆ ಮಳೆಯಂತೆ ತಾನಾಗಿ ಸುರಿಯಬೇಕು ಎನ್ನುತ್ತಾಳೆ. ಶೈಲಾಕ್ ಒಪ್ಪುವುದಿಲ್ಲ, ಚಾಕು ಮಸೆಯುತ್ತಾನೆ, ಅದನ್ನು ಮರೆಮಾಚಲಾಗದು. ಮಾಂಸ ತೆಗೆದುಕೋ, ರಕ್ತ ಒಂದು ಹನಿ ಬೀಳಬಾರದು ಎಂದಾಗ ಅವನ ಕೇಸು ಮುಗಿಯಿತು. ಅಸಲನ್ನಾದರೂ ಕೊಡಿ, ಹೋಗುತ್ತೇನೆ ಎನ್ನುತ್ತಾನೆ. ಅದೂ ಇಲ್ಲ. ನಾಗರಿಕನ ಪ್ರಾಣಕ್ಕೆ ಕೈಹಾಕಿದ ಪರಕೀಯನನ್ನು ಶಿಕ್ಷಿಸುವ ಕಾನೂನು ಹೊರಬರುತ್ತದೆ. ಕೊನೆಗೆ ಕರುಣೆಯೆಂದು ಸಿಗುವುದು ಜೀವ, ಸ್ವಲ್ಪ ಆಸ್ತಿ. ಜೊತೆಗೆ ಆಂಟೋನಿಯೋನ ಷರತ್ತು, ಈಗಲೇ ಕ್ರೈಸ್ತನಾಗಬೇಕು. ಯಾರೂ ತಕರಾರೆತ್ತುವುದಿಲ್ಲ.

ಮೈಗೆ ಸರಿಯಿಲ್ಲ, ಮಗಳು-ಅಳಿಯನಿಗೆ ಆಸ್ತಿ ಬಿಡುವ ಪತ್ರ ಕಳಿಸಿ, ಸಹಿ ಹಾಕುತ್ತೇನೆ ಎಂದು ಅವನು ಹೊರಟುಹೋಗುತ್ತಾನೆ. ಇನ್ನೂ ಒಂದು ಅಂಕ ಬಾಕಿಯಿದೆ: ಬೆಳದಿಂಗಳು, ಸಂಗೀತ, ಉಂಗುರದ ತಮಾಷೆ. ಅಲ್ಲಿಗೆ ಶೈಲಾಕ್ ಬರುವುದಿಲ್ಲ, ಅವನ ಆಸ್ತಿಯ ದಾನಪತ್ರ ಬರುತ್ತದೆ.